ಐದು ಕೋಟಿ ಬಿಟ್ಟು ನಾಲ್ಕಕ್ಕೆ ಯಾಕೆ ಒಪ್ಪಿದೆವು

ಅಡಿಕೆ ವ್ಯಾಪಾರಕ್ಕೆ ಸಾಫ್ಟ್‌ವೇರ್ ಮಾಡುವ ನಮ್ಮ ಕಂಪನಿಗೆ ಬೆಂಗಳೂರಿನ ಹೂಡಿಕೆದಾರರು ಐದು ಕೋಟಿ ಬೆಲೆ ಕಟ್ಟಿದ್ದರಂತೆ, ನಾವು ಅದನ್ನು ಬಿಟ್ಟು ಇನ್ನೊಬ್ಬರ ನಾಲ್ಕು ಕೋಟಿಗೆ ಸಹಿ ಹಾಕಿದೆವಂತೆ. ಈ ಸುದ್ದಿ ಶಿರಸಿ ಪೇಟೆಯನ್ನು ಆಗಲೇ ಒಂದು ಸುತ್ತು ಹಾಕಿ ಬಂದಿದೆ. ಸುದ್ದಿ ನಿಜ. ಯಾಕೆ ಹೀಗೆ ಮಾಡಿದಿರಿ ಎಂದು ನೆಂಟರು ಕೇಳಿದರು, ಗ್ರಾಹಕರು ಕೇಳಿದರು. ನಮ್ಮಂತೆಯೇ ಕಂಪನಿ ಕಟ್ಟಲು ಹೊರಟಿರುವ ಹುಬ್ಬಳ್ಳಿ, ಮಂಗಳೂರಿನ ಹುಡುಗ ಹುಡುಗಿಯರೂ ಫೋನ್ ಮಾಡಿದರು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿ ಮುಗಿಸುವಂಥ ಉತ್ತರ ಅಲ್ಲ ಇದು. ಲೆಕ್ಕ ಸಮೇತ ಬರೆಯುವುದೇ ಸರಿ.

ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಕೇಳಿದ್ದು ಅಪ್ಪಯ್ಯ. "ಐದು ಕೋಟಿ ಹೇಳ್ತ ಎಲ್ಲರೂವ. ಆ ದುಡ್ಡು ಎಲ್ಲಿದ್ದು ತಂಗಿ?" ಎಂದು ಮಗಳಾದ ನನ್ನನ್ನು ಕೇಳಿದರು.

ಎಲ್ಲೂ ಇಲ್ಲ. ನಮ್ಮ ಬ್ಯಾಂಕ್ ಖಾತೆಯಲ್ಲೂ ಇಲ್ಲ, ಹೂಡಿಕೆದಾರರು ತೆಗೆದಿಟ್ಟೂ ಇಲ್ಲ. ಇಬ್ಬರು ಹೂಡಿಕೆದಾರರೂ ಕೊಡಲು ಬಂದದ್ದು ತಲಾ ಒಂದೇ ಒಂದು ಕೋಟಿ. ಒಂದು ಕೋಟಿಗೆ ಶೇ 20 ಪಾಲು ಕೇಳಿದರೆ ಇಡೀ ಕಂಪನಿಗೆ ಐದು ಕೋಟಿ ಎಂದಾಯಿತು. ಅದೇ ಒಂದು ಕೋಟಿಗೆ ಶೇ 25 ಕೇಳಿದರೆ ನಾಲ್ಕು ಕೋಟಿ. ಸಣ್ಣ ಪಾಲೊಂದನ್ನು ಯಾವ ದರಕ್ಕೆ ಕೊಟ್ಟೆವೋ ಅದೇ ದರವನ್ನು ಎಲ್ಲ ಷೇರಿಗೂ ಹಾಕಿ ಗುಣಿಸಿದಾಗ ಬರುವ ಮೊತ್ತ ಅದು. ಹೂಡಿಕೆಯ ದುಡ್ಡನ್ನೂ ಸೇರಿಸಿ ಹೇಳಿದರೆ ಪೋಸ್ಟ್-ಮನಿ, ಸೇರಿಸದೆ ಹೇಳಿದರೆ ಪ್ರೀ-ಮನಿ. ಐದು ಕೋಟಿ ಪೋಸ್ಟ್-ಮನಿ ಅಂದರೆ ನಾಲ್ಕು ಕೋಟಿ ಪ್ರೀ-ಮನಿ. ಮಾತುಕತೆಗೆ ಕೂತಾಗ ಯಾವುದನ್ನು ಹೇಳುತ್ತಿದ್ದಾರೆ ಎಂದು ಮೊದಲೇ ಕೇಳಿಕೊಳ್ಳಬೇಕು. ಒಬ್ಬರು ಇದನ್ನು ಇನ್ನೊಬ್ಬರು ಅದನ್ನು ಅಂದುಕೊಂಡು ಎದ್ದು ಬಂದರೆ ಆಮೇಲೆ ಮನಸ್ತಾಪವೇ ಗತಿ.

ನಾವು ಮಾಡುವ ಕೆಲಸ ಏನು ಎಂದು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅಡಿಕೆ ವಖಾರಿಗಳಿಗೆ, ದಲಾಲಿ ಅಂಗಡಿಗಳಿಗೆ, ಕೆಲವು ಸಹಕಾರಿ ಸಂಘಗಳಿಗೆ ನಮ್ಮ ಸಾಫ್ಟ್‌ವೇರ್ ಹೋಗುತ್ತದೆ. ರೈತ ಚೀಲ ಇಳಿಸಿದ ಗಳಿಗೆಯಿಂದ ತೂಕ, ಜಾತಿ, ಲಾಟ್, ದರ, ಮುಂಗಡದ ಸಾಲ, ಬಡ್ಡಿ, ಹಮಾಲಿ ಎಲ್ಲ ಅದರೊಳಗೆ ಕೂರುತ್ತದೆ. ಸಂಜೆಯೊಳಗೆ ರೈತನ ಫೋನಿಗೆ ಪಟ್ಟಿ ಹೋಗುತ್ತದೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂಬ ಅಡಿಕೆಯ ಜಾತಿಗಳು ಏನೆಂದು ಗೊತ್ತಿಲ್ಲದವರು ಬರೆದ ಬಿಲ್ಲಿಂಗ್ ಸಾಫ್ಟ್‌ವೇರ್ ಇಲ್ಲಿ ನಡೆಯುವುದಿಲ್ಲ. ನನ್ನ ಜೊತೆಗಾರ ಕುಮಟಾದವನು, ಎಂಜಿನಿಯರಿಂಗ್ ಕಾಲೇಜಿನಿಂದ ಸ್ನೇಹಿತ. ಕೋಡ್ ಅವನದು, ಗ್ರಾಹಕರು ಮತ್ತು ಲೆಕ್ಕ ನನ್ನದು. ಯಲ್ಲಾಪುರ ರಸ್ತೆಯಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದಿದ್ದೇವೆ. ಕೆಲಸದವರೆಲ್ಲ ಶಿರಸಿ, ಸಿದ್ದಾಪುರ, ಯಲ್ಲಾಪುರದವರು. ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗದೆ ಇಲ್ಲೇ ಒಳ್ಳೆಯ ಸಂಬಳದ ಕೆಲಸ ಸಿಗಬೇಕು ಎನ್ನುವುದು ನಮ್ಮ ಹಟ.

ಬೆಲೆ ಕಟ್ಟುವ ವಿಷಯದಲ್ಲಿ ಅಡಿಕೆಯಷ್ಟು ಚೆನ್ನಾಗಿ ಪಾಠ ಹೇಳುವುದು ಬೇರೆ ಇಲ್ಲ. ಟೆಂಡರ್ ದಿನ ಬೆಳಿಗ್ಗೆ ಶಿರಸಿಯ ಅಡಿಕೆ ಮಾರುಕಟ್ಟೆ ಯಾರ್ಡಿಗೆ ಹೋಗಿ ನೋಡಿ. ಚೀಲ ಬಿಚ್ಚಿ ಅಡಿಕೆ ಸುರಿದಿರುತ್ತಾರೆ. ಪ್ರತಿ ಗುಡ್ಡೆಗೂ ಒಂದು ಲಾಟ್ ನಂಬರ್. ಖರೀದಿದಾರ ಬಂದು ಕುಕ್ಕರಗಾಲಲ್ಲಿ ಕೂರುತ್ತಾನೆ. ಮೇಲಿನ ಅಡಿಕೆಯನ್ನು ಅವನು ನೋಡುವುದೇ ಇಲ್ಲ. ಮೊಳಕೈವರೆಗೆ ಕೈ ತೂರಿಸಿ ಅಡಿಯದ್ದನ್ನು ಮೇಲೆ ತರುತ್ತಾನೆ. ಅಂಗೈಯಲ್ಲಿ ಆಡಿಸಿ ಸದ್ದು ಕೇಳುತ್ತಾನೆ. ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುತ್ತಾನೆ. ಒಣಗಿದೆಯಾ, ಹುಳ ಬಿದ್ದಿದೆಯಾ, ಕೊಳೆಯ ಅಡಿಕೆ ಬೆರೆಸಿದ್ದಾರಾ ಎಂದು ಪರೀಕ್ಷೆ ಮಾಡಿ, ಏನೂ ಮಾತಾಡದೆ ಮುಂದಿನ ಗುಡ್ಡೆಗೆ ಹೋಗುತ್ತಾನೆ. ಅವನ ಹಿಂದೆ ಇನ್ನೊಬ್ಬ. ಒಬ್ಬರು ಬರೆದ ದರ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಕರ್ನಾಟಕದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು ಟೆಂಡರು ಕಂಪ್ಯೂಟರಿಗೆ ಹತ್ತಿತು. ಆದರೂ ಸೀಳಿ ನೋಡುವ ಕೆಲಸ ಅಡಕತ್ತರಿಯದ್ದೇ. ಜಾಸ್ತಿ ಬರೆದವನಿಗೆ ಲಾಟು. ದರ ಒಪ್ಪಿಗೆಯಾಗದಿದ್ದರೆ ರೈತ ಕೊಡುವುದಿಲ್ಲ ಅನ್ನಬಹುದು, ವಾಪಸ್ ಚೀಲ ತುಂಬಬಹುದು.

ಒಂದೇ ವಸ್ತುವಿಗೆ ತುಂಬಾ ಜನ ಖರೀದಿದಾರರು. ಮತ್ತೆ ಮತ್ತೆ ನಡೆಯುವ ಮಾರುಕಟ್ಟೆ. ನಿನ್ನೆಯ ದರ ಎಲ್ಲರ ಬಾಯಲ್ಲಿ. ಆ ದರದ ಮೇಲೆ ನಂಬಿಕೆ ಇಡಬಹುದು. ನಮ್ಮಂಥ ಕಂಪನಿಯ ಷೇರಿಗೆ ಇದು ಯಾವುದೂ ಇಲ್ಲ. ಕೊಳ್ಳುವವರು ಒಬ್ಬರೋ ಇಬ್ಬರೋ. ಮಾರುಕಟ್ಟೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಕೊಡುವುದಿಲ್ಲ ಎಂದು ವಾಪಸ್ ತಂದರೆ ಮುಂದಿನ ತಿಂಗಳ ಸಂಬಳಕ್ಕೆ ಏನು ಮಾಡೋದು? ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಅಡಿಕೆ ಕೊಂಡವನು ದುಡ್ಡು ಕೊಟ್ಟು ಲಾರಿ ತುಂಬಿಕೊಂಡು ಹೋಗುತ್ತಾನೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಷೇರು ಕೊಂಡವರು ಹೋಗುವುದಿಲ್ಲ, ನಮ್ಮ ಜೊತೆಗೇ ಇರುತ್ತಾರೆ. ಅವರ ಕಾಗದದಲ್ಲಿ ಷರತ್ತುಗಳಿರುತ್ತವೆ. ನಿಜವಾದ ಬೆಲೆ ಕೂತಿರುವುದು ಆ ಷರತ್ತುಗಳಲ್ಲಿ.

ಷರತ್ತಿಗೆ ಬರುವ ಮೊದಲು, ಒಂದು ಕೋಟಿಯೇ ಯಾಕೆ ಬೇಕಾಯಿತು ಎಂದು ಹೇಳಬೇಕು. ಬೆಲೆ ಎಷ್ಟು ಎನ್ನುವುದಕ್ಕಿಂತ ಎಷ್ಟು ದುಡ್ಡು ಬೇಕು ಎನ್ನುವ ಪ್ರಶ್ನೆ ಮೊದಲು ಬರಬೇಕು. ತಿಂಗಳ ಖರ್ಚು ಸುಮಾರು ಆರು ಲಕ್ಷ. ವರ್ಷದ ಆದಾಯವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಎರಡು ಲಕ್ಷ. ಕೊರತೆ ನಾಲ್ಕು ಲಕ್ಷ. ಸ್ಟಾರ್ಟಪ್ ಮಂದಿ ಸಾಮಾನ್ಯವಾಗಿ 18 ತಿಂಗಳ ರನ್‌ವೇ ಇಟ್ಟುಕೊಳ್ಳಿ ಅನ್ನುತ್ತಾರೆ, ಅಂದರೆ 18 ತಿಂಗಳು ಬಾಗಿಲು ತೆರೆದಿಡುವಷ್ಟು ದುಡ್ಡು. ಅಡಿಕೆ ಸೀಮೆಗೆ ಆ ಲೆಕ್ಕ ಹೊಂದುವುದಿಲ್ಲ. ವಖಾರಿಯವರು ಹೊಸ ಸಾಫ್ಟ್‌ವೇರ್ ಹಾಕಿಸಿಕೊಳ್ಳುವುದು ಕೊಯ್ಲಿನ ಮುಂಚೆ, ದುಡ್ಡು ಕೊಡುವುದು ಕೊಯ್ಲು ಮುಗಿದು ವ್ಯಾಪಾರ ಜೋರಾದ ಮೇಲೆ. ಮಳೆಗಾಲದಲ್ಲಿ ಮಾರಾಟ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ನಮಗೆ ಬೇಕಾದದ್ದು ಪೂರ್ತಿ ಎರಡು ಕೊಯ್ಲು ಕಾಣುವಷ್ಟು. ನಾಲ್ಕು ಲಕ್ಷ, 24 ತಿಂಗಳು: 96 ಲಕ್ಷ. ಒಂದು ಕೋಟಿ ಬಂದದ್ದು ಹೀಗೆ.

ಈ ಕೊಯ್ಲಿನ ವಿಷಯ ಹೂಡಿಕೆದಾರರಿಗೆ ಅರ್ಥ ಮಾಡಿಸುವುದು ಸುಲಭವಾಗಿರಲಿಲ್ಲ. ಎಂಆರ್‌ಆರ್ ಎಷ್ಟು, ಅಂದರೆ ತಿಂಗಳು ತಿಂಗಳು ಖಾಯಂ ಬರುವ ಆದಾಯ ಎಷ್ಟು ಎಂದು ಮೊದಲ ಪ್ರಶ್ನೆ. ಫೆಬ್ರವರಿಯಲ್ಲಿ ಬಂದ ದುಡ್ಡನ್ನು ಹನ್ನೆರಡರಿಂದ ಗುಣಿಸಿ ತೋರಿಸಿದ್ದರೆ ನಾವು ದೊಡ್ಡ ಕಂಪನಿ ಆಗಿಬಿಡುತ್ತಿದ್ದೆವು. ಅದು ಸುಳ್ಳು ಲೆಕ್ಕ. ಆಗಸ್ಟಿನ ಆದಾಯ ಗುಣಿಸಿದರೆ ಕಂಪನಿಯೇ ಇಲ್ಲ ಅನ್ನಿಸುತ್ತದೆ, ಅದೂ ಸುಳ್ಳು. ಒಬ್ಬ ಗ್ರಾಹಕ ವರ್ಷಕ್ಕೆ ಕೊಡುವುದು 24,000 ರೂಪಾಯಿ. ನಾವು ಅದನ್ನೇ ಮುಂದಿಟ್ಟು ಮಾತಾಡಿದೆವು.

ಆ 24,000ದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ, ಯಾಕೆಂದರೆ ಕಂಪನಿಯ ಬೆಲೆ ಹುಟ್ಟುವುದು ಅಲ್ಲಿಂದ. ಸರ್ವರ್ ಬಾಡಿಗೆ, ಮೆಸೇಜಿನ ಖರ್ಚು, ಫೋನಿನಲ್ಲಿ ಸಹಾಯ ಮಾಡುವವರ ಸಂಬಳ ಕಳೆದರೆ ಶೇ 75 ಉಳಿಯುತ್ತದೆ ಅನ್ನಿ, ಅಂದರೆ 18,000. ವರ್ಷಕ್ಕೆ ನೂರರಲ್ಲಿ ಹತ್ತು ಗ್ರಾಹಕರು ಬಿಟ್ಟು ಹೋದರೆ ಒಬ್ಬ ಗ್ರಾಹಕ ಸರಾಸರಿ ಹತ್ತು ವರ್ಷ ಇರುತ್ತಾನೆ. ಅವನಿಂದ ಉಳಿಯುವುದು 1,80,000. ಅದೇ ನೂರರಲ್ಲಿ 25 ಜನ ಬಿಟ್ಟು ಹೋದರೆ ಅವನು ಇರುವುದು ನಾಲ್ಕು ವರ್ಷ, ಉಳಿಯುವುದು 72,000. ಸಾಫ್ಟ್‌ವೇರ್ ಅದೇ, ಫೀಸು ಅದೇ. ಬೆಲೆ ಮಾತ್ರ ಅರ್ಧಕ್ಕಿಂತ ಕೆಳಗೆ. ಸುಗ್ಗಿಯಲ್ಲಿ ಗುಮಾಸ್ತರು ರಾತ್ರಿ ಎಂಟಕ್ಕೆ ಫೋನ್ ಮಾಡಿ "ಮೇಡಂ, ಇವತ್ತಿನ ಪಟ್ಟಿ ತಾಳೆ ಆಗ್ತಾ ಇಲ್ಲ" ಅಂದಾಗ ನಮ್ಮ ಕಚೇರಿಯ ಹುಡುಗಿ ಅರ್ಧ ಗಂಟೆ ಕೂತು ಸರಿಮಾಡಿ ಕೊಡುತ್ತಾಳಲ್ಲ, ಕಂಪನಿಯ ಬೆಲೆ ಏರುವುದು ಆ ಅರ್ಧ ಗಂಟೆಯಲ್ಲಿ. ಇದನ್ನು ನಾನು ಯಾವ ಹೂಡಿಕೆದಾರರ ಮುಂದೆಯಾದರೂ ಎದೆತಟ್ಟಿ ಹೇಳುತ್ತೇನೆ.

ಸಹಕಾರಿ ಸಂಘವನ್ನು ಗ್ರಾಹಕ ಮಾಡಿಕೊಳ್ಳುವುದು ನಿಧಾನದ ಕೆಲಸ. ಕಾರ್ಯದರ್ಶಿಗೆ ಒಪ್ಪಿಗೆಯಾಗಬೇಕು, ಆಡಳಿತ ಮಂಡಳಿಯ ಸಭೆಯಲ್ಲಿ ಠರಾವು ಆಗಬೇಕು. ಒಮ್ಮೆ ಬಂದರು ಅಂದರೆ ಸುಲಭಕ್ಕೆ ಬಿಡುವುದಿಲ್ಲ ಎನ್ನುವುದು ಅದರ ಒಳ್ಳೆಯ ಗುಣ. ಹೂಡಿಕೆದಾರರು ಇಲ್ಲೊಂದು ಗಟ್ಟಿ ಪ್ರಶ್ನೆ ಕೇಳಿದರು. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಕಂಪ್ಯೂಟರೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಸರ್ಕಾರವೇ ಸಾಫ್ಟ್‌ವೇರ್ ಕೊಡುವಾಗ ನಿಮ್ಮದನ್ನು ಯಾರು ಕೊಳ್ಳುತ್ತಾರೆ? ನ್ಯಾಯವಾದ ಪ್ರಶ್ನೆ. ಸಾಲ, ಠೇವಣಿಯ ಲೆಕ್ಕಕ್ಕೆ ನಾವು ಕೈ ಹಾಕುವುದಿಲ್ಲ, ಅದು ಸರ್ಕಾರದ್ದೇ ಇರಲಿ. ಅಡಿಕೆ ಒಳಗೆ ಬಂದು ಹೊರಗೆ ಹೋಗುವ ತನಕದ ಲೆಕ್ಕ ನಮ್ಮದು, ಮುಂದೆಯೂ ಅಷ್ಟೇ ಮಾಡುತ್ತೇವೆ ಎಂದೆವು. ಮಾರುಕಟ್ಟೆ ದೊಡ್ಡದು ಎಂದು ತೋರಿಸಲು ಎಲ್ಲ ಸಂಘಗಳನ್ನೂ ಪಟ್ಟಿಗೆ ಸೇರಿಸಿದ್ದರೆ ಸ್ಲೈಡು ಚಂದ ಕಾಣುತ್ತಿತ್ತು. ನಾವು ಹಾಗೆ ಮಾಡಲಿಲ್ಲ.

ಈಗ ಬೆಲೆ ಕಟ್ಟುವ ಪದ್ಧತಿಗಳು. ಅಮೆರಿಕದ ಹೂಡಿಕೆದಾರ ಡೇವ್ ಬರ್ಕಸ್ ಹೆಸರಿನ ಒಂದು ಪದ್ಧತಿ ಇದೆ. ಆದಾಯವೇ ಇಲ್ಲದ ಕಂಪನಿಗೆ ಅದು. ಐಡಿಯಾ, ಮಾದರಿ, ತಂಡ, ಸಂಬಂಧಗಳು, ಮಾರಾಟದ ಆರಂಭ, ಈ ಐದಕ್ಕೆ ಒಂದಿಷ್ಟು ಒಂದಿಷ್ಟು ಬೆಲೆ ಹಾಕಿ ಕೂಡಿಸುವುದು. ಅಂದಾಜೇ ಆದರೂ ಏನೇನು ನೋಡಬೇಕು ಎಂದು ನೆನಪಿಸುತ್ತದೆ.

ನಮ್ಮ ಸಿಎ ಮಾಡಿಕೊಟ್ಟದ್ದು ಡಿಸಿಎಫ್. ಮುಂದಿನ ವರ್ಷಗಳಲ್ಲಿ ಉಳಿಯುವ ನಗದನ್ನು ಇವತ್ತಿನ ಬೆಲೆಗೆ ಇಳಿಸಿ ಕೂಡಿಸುವ ಪದ್ಧತಿ. ನೆಲೆ ನಿಂತ ಕಂಪನಿಗೆ ಇದು ಒಳ್ಳೆಯದು, ಈಗಷ್ಟೇ ಎದ್ದ ಕಂಪನಿಗೆ ಇದರಷ್ಟು ಮೆತ್ತಗಿನ ಲೆಕ್ಕ ಇನ್ನೊಂದಿಲ್ಲ. ಕೊನೆಗೆ ಒಂದು ಕಡೆ ನಿಂತು, ಅಲ್ಲಿಂದ ಮುಂದೆ ಕಂಪನಿ ಎಂದೆಂದಿಗೂ ಹೀಗೇ ಬೆಳೆಯುತ್ತದೆ ಎಂದು ಊಹಿಸಿ ಒಂದು ಮೊತ್ತ ಹಾಕುತ್ತಾರೆ. ಆ ಹಂತದಲ್ಲಿ ವರ್ಷಕ್ಕೆ ಒಂದು ಕೋಟಿ ನಗದು ಉಳಿಯುತ್ತದೆ ಅನ್ನಿ. ಹೂಡಿಕೆಗೆ ಶೇ 20 ಪ್ರತಿಫಲ ಬೇಕು, ಬೆಳವಣಿಗೆ ಶೇ 4 ಎಂದರೆ ಒಂದು ಕೋಟಿಯನ್ನು 0.16ರಿಂದ ಭಾಗಿಸುತ್ತೀರಿ, 6.25 ಕೋಟಿ ಬರುತ್ತದೆ. ಶೇ 15 ಮತ್ತು ಶೇ 5 ಎಂದು ಬದಲಿಸಿ, ಹತ್ತು ಕೋಟಿ ಆಯಿತು. ಎರಡು ಅಂಕೆ ತಿದ್ದಿದ್ದಕ್ಕೆ ಮೂರೂಮುಕ್ಕಾಲು ಕೋಟಿ. ಹೊರಗೆ ಒಂದು ಚೀಲ ಅಡಿಕೆಯೂ ಅಲ್ಲಾಡಿರುವುದಿಲ್ಲ. ಆದರೂ ಈ ವರದಿ ಬೇಕು. ಹೊಸ ಹೂಡಿಕೆದಾರರಿಗೆ ಷೇರು ಕೊಡುವಾಗ ಬೆಲೆಗೆ ನೋಂದಾಯಿತ ಮೌಲ್ಯಮಾಪಕರ ವರದಿ ಇರಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಮೊದಲು ಇದರ ಮೇಲೆ ಇನ್ನೊಂದು ತಲೆನೋವಿತ್ತು. 2012ರಲ್ಲಿ ಬಂದ ಏಂಜೆಲ್ ತೆರಿಗೆಯ ಪ್ರಕಾರ, ಷೇರಿನ ನ್ಯಾಯವಾದ ಬೆಲೆಗಿಂತ ಜಾಸ್ತಿ ದುಡ್ಡು ಬಂದರೆ ಆ ಹೆಚ್ಚುವರಿಯನ್ನು ಕಂಪನಿಯ ಆದಾಯ ಎಂದೇ ಲೆಕ್ಕ ಹಿಡಿಯುತ್ತಿದ್ದರು. 2024ರ ಜುಲೈ ಬಜೆಟ್‌ನಲ್ಲಿ ಅದನ್ನು ತೆಗೆದುಹಾಕಿದರು. ನಮ್ಮಂಥವರಿಗೆ ಅದು ದೊಡ್ಡ ಉಪಕಾರ.

ಹೂಡಿಕೆದಾರರು ತಮ್ಮ ಕಡೆಯಿಂದ ಮಾಡುವ ಲೆಕ್ಕ ಬೇರೆ, ಕೊನೆಯಿಂದ ಹಿಂದಕ್ಕೆ ಬರುವುದು. ಅವರು ಹೇಳುವುದು ಹೀಗೆ. ಏಳು ವರ್ಷಕ್ಕೆ ನಿಮ್ಮ ಆದಾಯ 15 ಕೋಟಿ ಆಗುತ್ತದೆ ಎನ್ನಿ. ಅಂಥ ಕಂಪನಿ ಆದಾಯದ ನಾಲ್ಕು ಪಟ್ಟಿಗೆ ಮಾರಾಟವಾದರೆ 60 ಕೋಟಿ. ನನಗೆ ಹತ್ತು ಪಟ್ಟು ಲಾಭ ಬೇಕು, ಹಾಗಾದರೆ ಇವತ್ತಿನ ಬೆಲೆ ಆರು ಕೋಟಿ. ಆದರೆ ನಡುವೆ ನೀವು ಇನ್ನೂ ದುಡ್ಡು ಎತ್ತುತ್ತೀರಿ, ನನ್ನ ಪಾಲು ಕರಗಿ ಶೇ 60 ಉಳಿಯುತ್ತದೆ, ಹಾಗಾಗಿ 3.6 ಕೋಟಿ. ಇದು ಅವರ ದಾರಿ. ಹತ್ತು ಪಟ್ಟು ಕೇಳುವುದು ದುರಾಸೆ ಅಲ್ವಾ ಎಂದು ನನ್ನ ಜೊತೆಗಾರ ಬೇಸರ ಮಾಡಿಕೊಂಡಿದ್ದ. ದುರಾಸೆ ಅಲ್ಲ. ಹತ್ತು ಕಂಪನಿಗೆ ದುಡ್ಡು ಹಾಕಿದವರಿಗೆ ಅದರಲ್ಲಿ ಅರ್ಧಕ್ಕರ್ಧ ವಾಪಸ್ ಬರುವುದಿಲ್ಲ, ಗೆದ್ದದ್ದು ಸೋತದ್ದನ್ನೂ ತುಂಬಿಕೊಡಬೇಕು. ನಮ್ಮ 24 ಲಕ್ಷದ ಆದಾಯ ಏಳು ವರ್ಷದಲ್ಲಿ 15 ಕೋಟಿಗೆ ಏರಬೇಕಾದರೆ ವರ್ಷ ವರ್ಷವೂ ಶೇ 80ರಂತೆ ಬೆಳೆಯಬೇಕು. ಆ 60 ಕೋಟಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಎರಡು ಟರ್ಮ್ ಶೀಟುಗಳು, ಅಂದರೆ ಹೂಡಿಕೆಯ ಷರತ್ತುಗಳನ್ನು ಬರೆದ ಕಾಗದಗಳು. ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡು ಕೂತಿದ್ದೆವು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬಂದು, "ಪಾಲು ಕೊಡದು ಸರಿ. ಕರಾರು ಎಂತ ಇದ್ದು, ಅದ್ನ ಓದು" ಎಂದರು. ತೋಟದ ಗೇಣಿ, ಪಾಲುಪಟ್ಟಿ ಕಾಗದಗಳನ್ನು ಜೀವಮಾನವಿಡೀ ಓದಿದವರು.

ಐದು ಕೋಟಿಯ ಕಾಗದದಲ್ಲಿ ಹೂಡಿಕೆದಾರರಿಗೆ ಶೇ 20. ಜೊತೆಗೆ ನೌಕರರಿಗೆ ಮುಂದೆ ಕೊಡಲು ಶೇ 10 ಷೇರು ಈಗಲೇ ತೆಗೆದಿಡಬೇಕು, ಅದೂ ನಮ್ಮ ಪಾಲಿನಿಂದ. ನಮಗೆ ಉಳಿಯುವುದು ಶೇ 70. ನೋಡಿ, ನಾಲ್ಕು ಕೋಟಿ ಪ್ರೀ-ಮನಿ ಎಂದು ಬರೆದಿದ್ದರೂ ನಮ್ಮ ಕೈಯಲ್ಲಿರುವ ಷೇರಿಗೆ ಅವರು ಕಟ್ಟಿದ ಬೆಲೆ ಮೂರೂವರೆ ಕೋಟಿಯೇ. ನಾಲ್ಕು ಕೋಟಿಯ ಕಾಗದದಲ್ಲಿ ಹೂಡಿಕೆದಾರರಿಗೆ ಶೇ 25, ನಮಗೆ ಶೇ 75. ನೌಕರರ ಶೇ 10 ಆಮೇಲೆ ತೆಗೆಯುವುದು, ಇಬ್ಬರ ಪಾಲಿನಿಂದಲೂ. ಆಗ ಅವರದು 22.5, ನಮ್ಮದು 67.5. ಪಾಲಿನ ಲೆಕ್ಕ ಒಂದನ್ನೇ ನೋಡಿದರೆ ಐದು ಕೋಟಿಯದ್ದೇ ಕೂದಲೆಳೆಯಷ್ಟು ಮೇಲು.

ಇನ್ನು ಲಿಕ್ವಿಡೇಶನ್ ಪ್ರಿಫರೆನ್ಸ್. ಕಂಪನಿ ಮಾರಾಟವಾದರೆ ಮೊದಲು ಯಾರು ಎಷ್ಟು ತೆಗೆದುಕೊಳ್ಳುತ್ತಾರೆ ಎನ್ನುವ ಷರತ್ತು ಇದು. ಐದು ಕೋಟಿಯವರು ಕೇಳಿದ್ದು ಎರಡು ಪಟ್ಟು, ಮೇಲೆ ಪಾಲು. ಅಂದರೆ ಹಾಕಿದ ಒಂದು ಕೋಟಿಗೆ ಮೊದಲು ಎರಡು ಕೋಟಿ ತೆಗೆದುಕೊಂಡು, ಉಳಿದದ್ದರಲ್ಲಿ ಮತ್ತೆ ಶೇ 20. ನಾಲ್ಕು ಕೋಟಿಯವರು ಕೇಳಿದ್ದು ಒಂದೇ ಪಟ್ಟು: ಹಾಕಿದ ಒಂದು ಕೋಟಿ, ಇಲ್ಲವೇ ತಮ್ಮ ಪಾಲಿನ ದುಡ್ಡು, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಎರಡೂ ಅಲ್ಲ.

ಕಂಪನಿ ನಾಲ್ಕು ಕೋಟಿಗೆ ಮಾರಾಟವಾಯಿತು ಅನ್ನಿ. ಮೊದಲ ಕಾಗದದಲ್ಲಿ ಅವರಿಗೆ ಎರಡು ಕೋಟಿ, ಉಳಿದ ಎರಡರಲ್ಲಿ 40 ಲಕ್ಷ. ಒಟ್ಟು 2.4 ಕೋಟಿ. ನಮಗೂ ನಮ್ಮ ನೌಕರರಿಗೂ ಸೇರಿ 1.6 ಕೋಟಿ. ಎರಡನೆಯ ಕಾಗದದಲ್ಲಿ ಅವರಿಗೆ ಒಂದು ಕೋಟಿ, ನಮ್ಮೆಲ್ಲರಿಗೆ ಮೂರು ಕೋಟಿ. ಕಂಪನಿ ಅದೇ, ಮಾರಿದ ಬೆಲೆ ಅದೇ, ದುಡಿದವರ ಕೈಗೆ ಹೆಚ್ಚುಕಮ್ಮಿ ದುಪ್ಪಟ್ಟು ವ್ಯತ್ಯಾಸ. ಹತ್ತು ಕೋಟಿಗೆ ಮಾರಿದರೆ ಮೊದಲ ಕಾಗದದಲ್ಲಿ ನಮಗೆ 6.4, ಎರಡನೆಯದರಲ್ಲಿ 7.75. ಐವತ್ತು ಕೋಟಿಗೆ ಮಾರಿದರೆ 38.4 ಮತ್ತು 38.75, ಆಲ್ಮೋಸ್ಟ್ ಸಮ.

ಹಾಗಾದರೆ ಐದು ಕೋಟಿಯ ಕಾಗದ ಯಾವಾಗ ನಮಗೆ ಲಾಭ? ಸ್ಪ್ರೆಡ್‌ಶೀಟಿನಲ್ಲಿ ಅಂಕೆ ಏರಿಸುತ್ತಾ ಹೋದೆವು. ಎರಡೂ ಸಮ ಆದದ್ದು 64 ಕೋಟಿಗೆ. ಅದಕ್ಕಿಂತ ಜಾಸ್ತಿಗೆ ಮಾರಾಟವಾದರೆ ಮಾತ್ರ ಐದು ಕೋಟಿಯೇ ಒಳ್ಳೆಯದು. ಏಳು ವರ್ಷ ಶೇ 80ರಂತೆ ಬೆಳೆದು, ಎಲ್ಲವೂ ಅಂದುಕೊಂಡಂತೆ ಆದರೆ ಬರುವುದು 60 ಕೋಟಿ ಎಂದು ಮೇಲೆ ಬರೆದೆನಲ್ಲ? ನಮ್ಮ ದೊಡ್ಡ ಕನಸೂ ಆ ಗೆರೆಯ ಈಚೆಗೇ ನಿಲ್ಲುತ್ತದೆ. ನಡುವೆ ಬರುವ ಹೊಸ ಹೂಡಿಕೆಗಳನ್ನು ಸೇರಿಸಿದರೆ ಅಂಕೆಗಳು ಬದಲಾಗುತ್ತವೆ, ಆದರೆ ಯಾವ ಕಡೆಗೆ ವಾಲುತ್ತದೆ ಎನ್ನುವುದು ಬದಲಾಗುವುದಿಲ್ಲ. ಆ ರಾತ್ರಿಯೇ ನಮ್ಮ ತೀರ್ಮಾನ ಆಯಿತು.

ಅಷ್ಟಕ್ಕೇ ಮುಗಿದಿರಲಿಲ್ಲ. ಐದು ಕೋಟಿಯ ಕಾಗದದಲ್ಲಿ ಫುಲ್ ರ‍್ಯಾಚೆಟ್ ಎಂಬ ಇನ್ನೊಂದು ಷರತ್ತಿತ್ತು. ಮುಂದಿನ ಸಲ ಷೇರು ಕಡಿಮೆ ದರಕ್ಕೆ ಹೋದರೆ, ಇವರು ಹಿಂದೆ ಕೊಂಡದ್ದನ್ನೂ ಆ ಕಡಿಮೆ ದರಕ್ಕೇ ಕೊಂಡಂತೆ ತಿದ್ದಬೇಕು. ಒಟ್ಟು ಒಂದು ಲಕ್ಷ ಷೇರು ಎಂದುಕೊಳ್ಳಿ. ಐದು ಕೋಟಿಗೆ ಒಂದು ಷೇರು 500 ರೂಪಾಯಿ, ಅವರಿಗೆ 20,000 ಷೇರು. ಮುಂದೆ ದರ 250ಕ್ಕೆ ಇಳಿದರೆ ಅವರದು 40,000 ಷೇರು ಆಗುತ್ತದೆ. ಅವರು ಮತ್ತೆ ಒಂದು ರೂಪಾಯಿ ಹಾಕಬೇಕಾಗಿಲ್ಲ. ನಮ್ಮ ಶೇ 70, ಹೊಸಬರು ಬರುವ ಮೊದಲೇ ಶೇ 58ರ ಆಸುಪಾಸಿಗೆ ಇಳಿದಿರುತ್ತದೆ. ಅಡಿಕೆ ನಂಬಿದ ಕಂಪನಿಗೆ ದರ ಇಳಿಯುವ ವರ್ಷ ಬಂದೇ ಬರುತ್ತದೆ. ಮಳೆ ಹಿಡಿದು ಬೋರ್ಡೋ ಔಷಧ ಹೊಡೆಯಲು ಬಿಡುವೇ ಸಿಗದೆ ಹೋದರೆ ಕೊಳೆ ರೋಗ ತೋಟಕ್ಕೆ ತೋಟವನ್ನೇ ಉದುರಿಸುತ್ತದೆ. ಬೆಳೆ ಇಲ್ಲದಿದ್ದರೆ ವಖಾರಿಗೆ ಮಾಲು ಬರುವುದಿಲ್ಲ, ವಖಾರಿಯವರು ನಮ್ಮ ಫೀಸನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಅಂಥ ವರ್ಷದಲ್ಲೇ ದುಡ್ಡು ಎತ್ತಬೇಕಾಗಿ ಬಂದರೆ? ನಾಲ್ಕು ಕೋಟಿಯವರು ಇದಕ್ಕೆ ವೇಟೆಡ್ ಆವರೇಜ್ ಎಂಬ ಮೆತ್ತಗಿನ ಷರತ್ತು ಇಟ್ಟಿದ್ದರು. ದರ ಇಳಿದರೆ ಅವರಿಗೂ ಸ್ವಲ್ಪ ರಕ್ಷಣೆ ಇದೆ, ನಮ್ಮ ಕತ್ತು ಹಿಸುಕುವಷ್ಟಲ್ಲ.

ಐದು ಕೋಟಿಯವರನ್ನು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ದೊಡ್ಡ ಅಂಕೆ ಬೇಕು ಎಂದು ಕೇಳುವ ಸ್ಥಾಪಕರು ತುಂಬಾ ಜನ ಇದ್ದಾರೆ, ಅವರು ಆ ಅಂಕೆ ಕೊಟ್ಟು ತಮ್ಮ ರಕ್ಷಣೆಯನ್ನು ಷರತ್ತಿನಲ್ಲಿ ಇಟ್ಟುಕೊಳ್ಳುತ್ತಾರೆ. ಮುಚ್ಚುಮರೆ ಏನಿಲ್ಲ, ಎಲ್ಲ ಬರೆದೇ ಇರುತ್ತದೆ. ಓದಬೇಕಾದವರು ನಾವು.

ಅಂಕೆ ಎತ್ತರಕ್ಕೆ ಹೋದಷ್ಟೂ ಮುಂದಿನ ಮೆಟ್ಟಿಲು ಇನ್ನೂ ಎತ್ತರ ಆಗುತ್ತದೆ. ಆನ್‌ಲೈನ್ ಪಾಠದ ಕಂಪನಿ ಬೈಜೂಸ್ ನಿಮಗೆಲ್ಲ ನೆನಪಿರುತ್ತದೆ. 2022ರಲ್ಲಿ ಅದಕ್ಕೆ ಕಟ್ಟಿದ ಬೆಲೆ 2,200 ಕೋಟಿ ಡಾಲರ್. 2024ರಲ್ಲಿ ಅದರ ದೊಡ್ಡ ಹೂಡಿಕೆದಾರರಲ್ಲಿ ಒಂದಾದ ಪ್ರೋಸಸ್ ತನ್ನ ಪಾಲಿನ ಬೆಲೆ ಸೊನ್ನೆ ಎಂದು ಲೆಕ್ಕದಲ್ಲಿ ಬರೆದುಕೊಂಡಿತು. ಅದೇ ವರ್ಷ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಎರಡು ವರ್ಷದಲ್ಲಿ ಇಷ್ಟು. ಅಲ್ಲಿ ಕೆಲಸ ಮಾಡುತ್ತಿದ್ದವರನ್ನು ನೆನೆದರೆ ಸಂಕಟವಾಗುತ್ತದೆ.

ಬೆಲೆ ಕಡಿಮೆ ಕಟ್ಟಿಸಿಕೊಂಡು ದೊಡ್ಡದಾದವರೂ ಇದ್ದಾರೆ, ಅದಕ್ಕೆ ಶಿರಸಿಯಿಂದ ತುಂಬಾ ದೂರ ಹೋಗಬೇಕಾಗಿಲ್ಲ. ಇನ್ಫೋಸಿಸ್ ಕಟ್ಟಿದ ಏಳು ಜನರಲ್ಲಿ ಒಬ್ಬರಾದ ನಂದನ್ ನಿಲೇಕಣಿಯವರ ಮನೆತನ ಮೂಲತಃ ಶಿರಸಿಯದು. ನಿಲೇಕಣಿ ಎಂಬ ಜಾಗ ನಮ್ಮ ಊರಲ್ಲೇ ಇದೆ. 1981ರಲ್ಲಿ ಶುರುವಾದ ಆ ಕಂಪನಿಯನ್ನು 1990ರಲ್ಲಿ ಹತ್ತು ಲಕ್ಷ ಡಾಲರಿಗೆ ಕೊಳ್ಳುವ ಪ್ರಸ್ತಾಪ ಬಂದಿತ್ತು. ಒಂಬತ್ತು ವರ್ಷ ಕಷ್ಟಪಟ್ಟವರಿಗೆ ಆಗ ಅದು ಸಣ್ಣ ದುಡ್ಡಲ್ಲ. ಆದರೂ ಕೊಡಲಿಲ್ಲ. 1993ರಲ್ಲಿ 95 ರೂಪಾಯಿಗೆ ಒಂದರಂತೆ ಷೇರುಗಳನ್ನು ಜನರ ಮುಂದಿಟ್ಟಾಗ ಪೂರ್ತಿ ಕೊಳ್ಳುವವರೇ ಇರಲಿಲ್ಲ, ಅಮೆರಿಕದ ಬ್ಯಾಂಕ್ ಮಾರ್ಗನ್ ಸ್ಟಾನ್ಲಿ ಬಂದು ಶೇ 13 ಪಾಲು ತೆಗೆದುಕೊಂಡಿತು. ಮುಂದಿನದು ಎಲ್ಲರಿಗೂ ಗೊತ್ತು. ಆ ದಿನ 95 ರೂಪಾಯಿ ಎನ್ನುವುದು ಬೆಲೆ, ಅಷ್ಟೇ. ಕಂಪನಿಯ ಯೋಗ್ಯತೆಯನ್ನು ಆ ಅಂಕೆ ಹೇಳಿರಲಿಲ್ಲ.

ಹೊರಗಿನ ದುಡ್ಡೇ ಬೇಡ ಅಂದವರೂ ಇದ್ದಾರೆ. ಜೋಹೊ 1996ರಿಂದ ಹಾಗೇ ಬೆಳೆದು ಬಂದಿದೆ, ತಮಿಳುನಾಡಿನ ತೆಂಕಾಸಿಯ ಹಳ್ಳಿಯಲ್ಲೂ ಕೂತು ಜಗತ್ತಿಗೆ ಸಾಫ್ಟ್‌ವೇರ್ ಮಾಡುತ್ತಿದೆ. ಅದನ್ನು ನೋಡಿಯೇ ನಮಗೂ ಶಿರಸಿಯಲ್ಲಿ ಆಗಬಹುದು ಎಂಬ ಧೈರ್ಯ ಬಂದದ್ದು. ನಮಗೆ ಮಾತ್ರ ಎರಡು ಕೊಯ್ಲಿನ ಸಂಬಳ ಕೈಯಲ್ಲಿ ಇರಲಿಲ್ಲ. ಷೇರು ಕೊಡದೆ ಸಿಗುವ ದುಡ್ಡಿನ ದಾರಿಗಳೂ ಇವೆ, ಹೊಸಬರು ಮೊದಲು ಅವನ್ನು ನೋಡಿ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಸಿಗುತ್ತದೆ, ಅದಕ್ಕೆ ಪಾಲು ಕೊಡಬೇಕಾಗಿಲ್ಲ. 2021ರಲ್ಲಿ ಶುರುವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಮಾದರಿ ಮಾಡಿ ತೋರಿಸಲು 20 ಲಕ್ಷದವರೆಗೆ ಅನುದಾನ ಇತ್ತು, ಈಗಲೂ ಸಿಗುತ್ತದೆಯಾ ಎಂದು ವಿಚಾರಿಸಿ; ಅದಕ್ಕೆ ಹೊಸ ಕಂಪನಿಗಳನ್ನು ಪೋಷಿಸುವ ಕೇಂದ್ರದ, ಅಂದರೆ ಇನ್‌ಕ್ಯುಬೇಟರ್ ಮೂಲಕ ಹೋಗಬೇಕು. ನಮಗೆ ಹತ್ತಿರ ಅಂದರೆ ಹುಬ್ಬಳ್ಳಿ.

ನಾಲ್ಕು ಕೋಟಿಯವರೊಡನೆ ನಾವು ಕೊನೆಗೆ ಜಗ್ಗಾಡಿದ್ದು ಬೆಲೆಗಲ್ಲ. ಸ್ಥಾಪಕರ ಷೇರು ನಾಲ್ಕು ವರ್ಷದಲ್ಲಿ ಹಂತ ಹಂತವಾಗಿ ನಮ್ಮದಾಗಬೇಕು, ಮೊದಲ ವರ್ಷ ಮುಗಿಯುವವರೆಗೆ ಏನೂ ಇಲ್ಲ ಎಂದು ಅವರು ಬರೆದಿದ್ದರು. ಅರ್ಧದಲ್ಲಿ ಒಬ್ಬರು ಬಿಟ್ಟು ಹೋದರೆ ಉಳಿದವರಿಗೆ ಅನ್ಯಾಯ ಆಗಬಾರದು ಎನ್ನುವುದು ಅದರ ಉದ್ದೇಶ, ಅದು ಸರಿಯೇ. ಆದರೆ ಇಷ್ಟು ವರ್ಷ ದುಡಿದದ್ದನ್ನು ಲೆಕ್ಕಕ್ಕೆ ಹಿಡಿಯಿರಿ ಎಂದೆವು. ಒಂದು ಭಾಗ ಈಗಲೇ ನಮ್ಮದು, ಉಳಿದದ್ದು ಮೂರು ವರ್ಷಕ್ಕೆ ಎಂದಾಯಿತು. ಕಚೇರಿ ಶಿರಸಿಯಲ್ಲೇ ಇರುತ್ತದೆ ಎಂದೂ ಬರೆಸಿದೆವು. ಅದಕ್ಕೆ ಅವರು ಒಂದು ಮಾತೂ ಆಡದೆ ಒಪ್ಪಿದ್ದು ನನಗೆ ಇವತ್ತಿಗೂ ಖುಷಿ. ನೌಕರರ ಶೇ 10ರಲ್ಲಿ ಮೊದಲ ಪಾಲು ಸುಗ್ಗಿಯ ರಾತ್ರಿಗಳಲ್ಲಿ ಫೋನ್ ಎತ್ತುವ ಆ ಹುಡುಗಿಗೆ. ಷೇರು ಅಂದರೆ ಏನು, ಯಾವಾಗ ದುಡ್ಡಾಗುತ್ತದೆ, ಆಗದೆಯೂ ಹೋಗಬಹುದು ಎನ್ನುವುದನ್ನೆಲ್ಲ ಅವಳ ಅಪ್ಪ ಅಮ್ಮನ ಎದುರು ಕೂತು ಹೇಳಿ ಬಂದೆ. ಸಂಬಳದ ಬದಲು ಷೇರು ಅಲ್ಲ, ಸಂಬಳದ ಮೇಲೆ ಷೇರು ಎಂದು ಗಟ್ಟಿಯಾಗಿ ಹೇಳಿದೆ.

ದುಡ್ಡು ಖಾತೆಗೆ ಬಂದಿದೆ. ಸಿದ್ದಾಪುರ ಮತ್ತು ಯಲ್ಲಾಪುರದಲ್ಲಿ ಒಬ್ಬೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೇವೆ, ವಖಾರಿ ಕೆಲಸ ಗೊತ್ತಿದ್ದವರಾದರೆ ಒಳ್ಳೆಯದು, ಕಂಪ್ಯೂಟರ್ ನಾವು ಕಲಿಸುತ್ತೇವೆ. ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗಲೂ ತೂಕದ ಲೆಕ್ಕ ನಿಲ್ಲದಂತೆ ಮಾಡುವ ಕೆಲಸ ಅರ್ಧ ಆಗಿದೆ. ಹೊಸ ಕೊಯ್ಲಿನ ಮೊದಲ ಚೀಲ ಯಾರ್ಡಿಗೆ ಇಳಿಯುವುದರೊಳಗೆ ಅದು ಮುಗಿಯಬೇಕು.